ಹಿಂದೆ ಸರಿಯೋಕೆ ಸೋಮವಾರದವರೆಗೆ

ಮರಳೂರು, ತುಮಕೂರು
ಶುಕ್ರವಾರ, 21 ನವೆಂಬರ್ 2025

ಪ್ರೀತಿಯ ಸುಧಾ,

ಗುಬ್ಬಿಲಿ ನಿನ್ನ ಹೊಸ ಮನೆ ಗೃಹಪ್ರವೇಶಕ್ಕೂ ಬರಲಿಲ್ಲ, ಆಮೇಲೆ ಒಂದು ಫೋನೂ ಮಾಡಲಿಲ್ಲ. ಬೈಕೊಂಡಿರ್ತೀಯ, ಬೈಕೋ. ಫೋನ್ ಮಾಡಿದ್ರೆ ಅತ್ತುಬಿಡ್ತೀನಿ, ವಾಟ್ಸಾಪಲ್ಲಿ ಬರೆದ್ರೆ ನಿನ್ನ ಮಗಳು ಮಧುಶ್ರೀ ನಿನಗಿಂತ ಮೊದಲು ಓದ್ತಾಳೆ. ಅದಕ್ಕೇ ಬಿ.ಎಡ್. ಮುಗಿದ ಮೇಲೆ ಮೊದಲ ಸಲ ನಿನಗೆ ಕಾಗದ ಬರೀತಿದೀನಿ. ನಾವೆಲ್ಲ ಕ್ಷೇಮ ಅಂತ ಶುರು ಮಾಡೋದು ರೂಢಿ. ನಾನು ಕ್ಷೇಮವಾಗೇ ಇದೀನಿ ಕಣೇ, ಎಲ್ಲಾ ಟೆಸ್ಟಲ್ಲೂ ಹಂಗೇ ಬಂದಿದೆ. ಅದೇ ಈಗ ನನ್ನ ಪ್ರಾಣ ತಿಂತಿರೋದು.

ನನ್ನ ತಮ್ಮ ಚನ್ನೇಶನಿಗೆ ಎರಡೂ ಕಿಡ್ನಿ ಹೋಗಿರೋದು ನಿನಗೆ ಗೊತ್ತು. ಯಡಿಯೂರಿಂದ ತುಮಕೂರಿಗೆ ಬಂದು ಡಯಾಲಿಸಿಸ್ ಮಾಡಿಸ್ಕೊಂಡು ಹೋಗ್ತಾನೆ. ತೋಟದ ಕಡೆ ಹೋಗೋಕೂ ಕೈಲಾಗಲ್ಲ. ಅವನ ಹೆಂಡ್ತಿದು ಬ್ಲಡ್ ಗ್ರೂಪ್ ಕೂಡ್ಲಿಲ್ಲ, ಅವ್ವನಿಗೆ ಶುಗರ್. ಉಳಿದವಳು ನಾನು. ಶ್ರಾವಣದಲ್ಲಿ ಊರಿಗೆ ಹೋದಾಗ ಅವನ ಊದಿಕೊಂಡ ಮುಖ ನೋಡಲಾರದೆ, 'ನನ್ನದು ಆಗೋದಾದ್ರೆ ತಗೊಳ್ಳೋ' ಅಂದುಬಿಟ್ಟೆ. ಬಾಯಿಮಾತಿಗಲ್ಲ, ಮನಸಾರೆ ಅಂದಿದ್ದು. ಅಷ್ಟಕ್ಕೇ ಅವ್ವ ಏನು ಮಾಡಿದ್ಲು ಗೊತ್ತಾ? ಒಳಗಿಂದ ಹೊಸ ಸೀರೆ ತಂದು, ಅಕ್ಕಪಕ್ಕದ ಮುತ್ತೈದೆಯರನ್ನ ಕರೆದು, ಮಣೆ ಮೇಲೆ ಕೂರಿಸಿ ನನಗೆ ಮಡಿಲಕ್ಕಿ ತುಂಬಿಸಿದ್ಲು. ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟವಳಿಗೆ ತುಂಬಿಸೋ ಹಾಗೆ. 'ನನ್ ಮಗ್ಳು ಮಾತಿಗೆ ತಪ್ಪೋಳಲ್ಲ ಬುಡ್ರಮ್ಮ' ಅಂತ ಎಲ್ಲರ ಹತ್ರನೂ ಹೇಳಿದ್ಲು. ಇನ್ನೂ ಒಂದು ಟೆಸ್ಟೂ ಆಗಿರಲಿಲ್ಲ. ಈಗ ಆ ಊರಲ್ಲಿ ನನ್ನನ್ನ ಕಂಡೋರೆಲ್ಲ ಕೈ ಮುಗೀತಾರೆ, ನಾನು ತಲೆ ತಗ್ಗಿಸ್ಕೊಂಡು ಬೇಗ ಬೇಗ ಮುಂದೆ ಹೋಗ್ತೀನಿ.

ಈ ಮಂಗಳವಾರ ಬೆಂಗಳೂರಿನ ಆಸ್ಪತ್ರೆಗೆ ಹೋಗಿದ್ವಿ. ಕಿಡ್ನಿ ಕೊಡೋರ ಹತ್ರ ಮಾತಾಡೋಕೆ ಅಂತಲೇ ಅಲ್ಲೊಬ್ಬ ಡಾಕ್ಟರಮ್ಮ ಇದಾರೆ. ನಮ್ಮೆಜಮಾನರನ್ನ ಹೊರಗೆ ಕೂರಿಸಿ ಬಾಗಿಲು ಹಾಕಿದ್ರು. 'ಯಾರಾದ್ರೂ ಬಲವಂತ ಮಾಡಿದಾರಾ?' ಅಂದ್ರು. ಇಲ್ಲ ಅಂದೆ. 'ನೀವು ಯಾವಾಗ ಬೇಕಾದ್ರೂ ವಿತ್‌ಡ್ರಾ ಆಗಬಹುದು. ಮನೆಯವರಿಗೆ ನಾವು ಮೆಡಿಕಲಿ ಸೂಟ್ ಆಗಲಿಲ್ಲ ಅಂತಷ್ಟೇ ಹೇಳ್ತೀವಿ. ಆಪರೇಷನ್ನಿಗೆ ಡೇಟ್ ಕೊಡಬೇಕು, ಸೋಮವಾರದೊಳಗೆ ಹೇಳಿ' ಅಂದ್ರು. ಹುಡುಗಿ ಬೇಡ ಅನ್ನೋಕೆ ನಮ್ಮಲ್ಲಿ ಜಾತಕದ ಮೇಲೆ ಹಾಕ್ತಾರಲ್ಲ, ಹಂಗೆ. ಆ ಯಮ್ಮ ಎಷ್ಟು ಮೆತ್ತಗೆ ಹೇಳಿದ್ರು ಅಂದ್ರೆ, ಅಲ್ಲೇ ಹೂಂ, ಹಿಂದೆ ಸರೀತೀನಿ ಅಂದುಬಿಡ್ತಿದ್ದೆ.

ಮಾರನೇ ದಿನ ಒಂಬತ್ತನೇ ಕ್ಲಾಸಲ್ಲಿ ಇಂಗ್ಲಿಷ್ ಪಾಠಕ್ಕೆ ನಿಂತ್ರೆ, ಬಂದಿದ್ದೂ ಅದೇ. ಸೈನ್ಯ ರಿಟ್ರೀಟ್ ಆಯ್ತು ಅಂತ ಒಂದು ಲೈನು. ಮಕ್ಕಳಿಗೆ ಚೆನ್ನಾಗಿ ಅರ್ಥ ಆಗಲಿ ಅಂತ ಹಿಂದೆ ಸರಿಯೋ ವರ್ಬುಗಳನ್ನೆಲ್ಲ ಬೋರ್ಡ್ ಮೇಲೆ ಬರೆದೆ. ಸೈನ್ಯ ಆದ್ರೆ ರಿಟ್ರೀಟ್, ಎಲೆಕ್ಷನ್ನಿಗೆ ನಿಂತೋನು ವಿತ್‌ಡ್ರಾ, ಕುರ್ಚಿಲಿರೋನು ಸ್ಟೆಪ್ ಡೌನ್, ಹೊಡೆಯೋಕೆ ಬಂದೋನು ಬ್ಯಾಕಾಫ್. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, 'ಮಿಸ್, ಮಾತು ಕೊಟ್ಟು ಆಮೇಲೆ ಆಗಲ್ಲ ಅನ್ನೋರಿಗೆ?' ಅಂದ್ಲು. ಬ್ಯಾಕೌಟ್ ಅಂದೆ. ವಿತ್‌ಡ್ರಾ ಅಂದ್ರೆ ಮರ್ಯಾದಸ್ತರ ಮಾತು, ಅದನ್ನ ಯಾರೂ ತಪ್ಪು ಅನ್ನಲ್ಲ, ಬ್ಯಾಕೌಟ್ ಅಂದಾಗ ಮಾತ್ರ ಆ ಕಡೆ ನಂಬಿಕೊಂಡು ಕೂತೋನೊಬ್ಬ ಇರ್ತಾನೆ ಅಂತ ಬಿಡಿಸಿ ಹೇಳಿದೆ. ಉಳಿದದ್ದು ನೀವೇ ಓದ್ಕೊಳ್ಳಿ ಅಂತ ಕುರ್ಚಿಲಿ ಕೂತ್ಬಿಟ್ಟೆ.

ಯಾಕೆ ಹಿಂಜರೀತೀಯ ಅಂತ ನೀನು ಕೇಳ್ತೀಯ. ದೊಡ್ಡ ಕಾರಣ ಏನೂ ಇಲ್ಲ ಕಣೇ, ಭಯ. ಒಂದೇ ಕಿಡ್ನಿಲಿ ಎಲ್ಲರ ಹಾಗೆ ಬದುಕಬಹುದು ಅಂತ ಡಾಕ್ಟರು ಎಲ್ಲ ಹೇಳಿದಾರೆ. ಬುದ್ಧಿಗೆ ಗೊತ್ತಾಗುತ್ತೆ. ಆದ್ರೆ ಸ್ನಾನಕ್ಕೆ ಹೋದಾಗ ಕೈ ತಾನಾಗೇ ಪಕ್ಕೆ ಮುಟ್ಟಿ ನೋಡುತ್ತೆ, ಅನ್ನ ಸೇರಲ್ಲ.

ಯಜಮಾನರ ಹತ್ರ ಎಲ್ಲ ಹೇಳ್ಕೊಂಡೆ. ರವೀಶ್ ಕೆಟ್ಟೋರಲ್ಲ, ನಿನಗೇ ಗೊತ್ತು. ಶಿರಾ ಗೇಟಿನ ಅಂಗಡಿ ಮುಚ್ಚಿ ಬಂದು ಊಟಕ್ಕೆ ಕೂತಿದ್ರು. 'ನಿನ್ನ ತಮ್ಮ, ನಿನ್ನ ಮನೆಯವರು, ನೀನೇ ಯೋಚನೆ ಮಾಡು. ಈಗ ಬ್ಯಾಕೌಟ್ ಆದ್ರೆ ನಾನೇ ತಡೆದೆ ಅಂತಾರೆ' ಅಂದು ಟಿವಿ ಸೌಂಡ್ ಜಾಸ್ತಿ ಮಾಡಿದ್ರು. ಕೊಡು ಅಂತಲೂ ಇಲ್ಲ, ಬೇಡ ಅಂತಲೂ ಇಲ್ಲ. ಅವರು ಹಿಂದೆ ಸರಿದಿದ್ದಕ್ಕೆ ಯಾವ ವರ್ಬ್ ಹಾಕಲಿ ಹೇಳು.

ಬೇಡ ಅಂದೋನು ಒಬ್ಬನೇ, ಚನ್ನೇಶ. ನಿನ್ನೆ ಡಯಾಲಿಸಿಸ್ ಮುಗಿಸಿ ನಮ್ಮನೆಗೆ ಬಂದಿದ್ದ. ಕಾಫಿನೂ ಅಳತೆ ಅವನಿಗೆ, ಅರ್ಧ ಲೋಟ ಕೊಟ್ಟೆ. ಲೋಟ ನೋಡ್ತಾ, 'ಅಕ್ಕ, ನಿನ್ ಮುಖದಲ್ಲಿ ಕಳೆನೇ ಇಲ್ಲ. ಹೆದ್ರಿಕೆ ಆದ್ರೆ ಬೇಡ ಬುಡಕ್ಕ, ನಾನು ಹಿಂಗೇ ಸಾಗಿಸ್ತೀನಿ. ಅವ್ವಂಗೆ ನಾನೇ ಏನಾರ ಹೇಳ್ತೀನಿ' ಅಂದ. ನಾನು 'ಸುಮ್ನಿರೋ, ಸಾಕು' ಅಂತ ಗದರಿಸಿ ಕಳಿಸಿದೆ. ಗೇಟಿನವರೆಗೆ ಹೋಗೋಷ್ಟರಲ್ಲಿ ಎರಡು ಸಲ ನಿಂತು ಉಸಿರು ತಗೊಂಡ.

ಪೋಸ್ಟಿಗೆ ಹಾಕಿದ್ರೆ ಟೈಮಿಗೆ ಸಿಗಲ್ಲ ಅಂತ ನಮ್ಮ ಸ್ಕೂಲ್ ಕ್ಲರ್ಕ್ ದಾಸಯ್ಯನವರ ಕೈಲಿ ಕಳಿಸ್ತಿದೀನಿ, ಅವರೂ ಗುಬ್ಬಿಯವರೇ. ನಿಮ್ಮ ಹೊಸ ಮನೇಲಿ ಯಾವಾಗಲೂ ನಗು ತುಂಬಿರಲಿ. ಮಧುಶ್ರೀಗೆ ನನ್ನ ಆಶೀರ್ವಾದ. ಚೆನ್ನಾಗಿ ಓದಲಿ, ಅಮ್ಮನ ಮೊಬೈಲ್ ಒಂದು ಬಿಟ್ಟು.

ನಿನ್ನ
ಪ್ರಮೀಳಾ

ತಾ.ಕ.: ಕಾಗದ ಮಡಿಚಿಟ್ಟಿದ್ದೆ, ಮತ್ತೆ ಬಿಚ್ಚಿದೆ. ನಿನಗೂ ಹೇಳೋದು ಬೇಡ ಅಂದ್ಕೊಂಡಿದ್ದು ಒಂದಿದೆ. ಇವತ್ತು ಬೆಳಗ್ಗೆ ಅವ್ವನಿಗೆ ಫೋನ್ ಮಾಡಿ, 'ಡಾಕ್ಟರು ನನಗೂ ಏನೋ ತೊಂದರೆ ಇದೆ ಅಂದ್ರವ್ವ, ಕೊಡೋಕಾಗಲ್ವಂತೆ' ಅಂತ ಸುಳ್ಳು ಹೇಳಿ ನೋಡಿದೆ. 'ಅಯ್ಯೋ ಶಿವನೇ, ಹಂಗಾರೆ ಚನ್ನೇಶಂಗೆ ಇನ್ಯಾರವ್ವ ಕೊಡೋರು' ಅಂತ ಅಳೋಕೆ ಶುರು ಮಾಡಿದ್ಲು. ಬಹಳ ಹೊತ್ತು ಅತ್ಲು. ನಾನು ಕಾಯ್ತಾನೇ ಇದ್ದೆ ಸುಧಾ. ನನಗೇನಾಗಿದೆ ಅಂತ ಅವ್ವ ಕೇಳಲೇ ಇಲ್ಲ. ಕೊನೆಗೆ ನಾನೇ, 'ಇನ್ನೊಂದು ಸಲ ನೋಡ್ತಾರಂತೆ, ಸರಿ ಹೋಗಬಹುದು, ಅಳಬೇಡ' ಅಂತ ಸಮಾಧಾನ ಮಾಡಿದೆ.

ಸೋಮವಾರ ಕೊಡ್ತೀನಿ ಅಂತಲೇ ಹೇಳ್ತೀನಿ. ಬೇಡ ಅಂದೋನಿಗೆ ಕೊಡದೆ ಇರೋಕೆ ನನ್ನಿಂದಾಗಲ್ಲ. ಆಪರೇಷನ್ ದಿನ ಅವ್ವ ಅವನ ಮಂಚದ ಹತ್ರ ಇರ್ತಾಳೆ. ನೀನು ಬಂದು ನನ್ನ ಹತ್ರ ಕೂತ್ಕೋ.