ಗೋಪುರದ ಮುಂದೆ ಭಾವನ ಸವಾರಿ

ಅಕ್ಕಾ,

ಮೊದಲೇ ಹೇಳಿಬಿಡುತ್ತೇನೆ, ನಿನ್ನ ಯಜಮಾನರ ಮೊಣಕಾಲು ತರಚಿದೆ, ಅಷ್ಟೇ. ಇವತ್ತು ಸೆಗ್ವೇ ಎಂಬ ಎರಡು ಚಕ್ರದ ಗಾಡಿಯ ಮೇಲೆ ನಿಂತುಕೊಂಡೇ ಊರು ನೋಡಿದೆವು. ಮುಂದಕ್ಕೆ ಬಾಗಿದರೆ ಓಡುತ್ತದೆ, ಹಿಂದಕ್ಕೆ ವಾಲಿದರೆ ನಿಲ್ಲುತ್ತದೆ. ಗಡಿಯಾರದ ಗೋಪುರದ ಮುಂದೆ ಗೈಡಮ್ಮ ಕಥೆ ಶುರುಮಾಡಿದಳು. ಭಾವ ಎಂದಿನಂತೆ ಕಿವಿಗೆ ಕೈಯಿಟ್ಟು "ಏನಂದ್ರಿ?" ಎಂದು ಬಾಗಿದರು. ಗಾಡಿ ಅವಳತ್ತಲೇ ಹೊರಟಿತು. "ಹಿಂದಕ್ಕೆ ವಾಲಿ!" ಎಂದು ಅವಳು ಕೂಗುತ್ತಾ ಓಡಿದಷ್ಟೂ ಇವರು "ಹಾಂ? ಜೋರಾಗಿ ಹೇಳಿ!" ಎಂದು ಇನ್ನಷ್ಟು ಬಾಗಿದರು. ಕೊನೆಗೆ ತಡೆದದ್ದು ಒಂದು ಹೂಕುಂಡ. "ನನ್ನ ಕಿವಿ ನೆಟ್ಟಗಿದೆ, ಅವಳ ದನಿನೇ ಸಣ್ಣದು" ಎಂದು ರೇಗಿದವರು ಊಟದ ಹೊತ್ತಿಗೆ ಮೆತ್ತಗಾಗಿ, "ಊರಿಗೆ ಹೋದ್ಮೇಲೆ ಕಿವಿ ಮಿಷಿನ್ ಹಾಕಿಸ್ಕೋತೀನಿ, ನಿಮ್ಮಕ್ಕನಿಗೆ ಹೇಳು" ಎಂದರು. ನಿನ್ನ ಇಷ್ಟು ವರ್ಷದ ಹಟ ಗೆದ್ದಿತು. ಇನ್ನು ಮೇಲೆ ಒಲೆಯ ಮುಂದೆ ಅವರನ್ನು ಬೈದುಕೊಳ್ಳುವಾಗ ದನಿ ತಗ್ಗಿಸಿಕೋ.

ನಿನ್ನ ತಮ್ಮ