ಶ್ರೀವಿದ್ಯಾಳ ರಬ್ಬರ್ ಕೈ

ಕಾಕ್ಕನಾಡ್, ಕೊಚ್ಚಿ
ಭಾನುವಾರ, ೮ ಫೆಬ್ರವರಿ ೨೦೨೬

ಪ್ರೀತಿಯ ಪ್ರೇಮಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಕಷಾಯ ಕುಡಿಯುತ್ತಿದ್ದೀಯೋ, ಭಾವನ ಕಣ್ಣು ತಪ್ಪಿಸಿ ತೆಂಗಿನ ಬುಡಕ್ಕೆ ಸುರಿಯುತ್ತಿದ್ದೀಯೋ? ನಾವಿಲ್ಲಿ ಕ್ಷೇಮ. ವಿಜಯಾ ಫೋನಿನಲ್ಲಿ ಅರ್ಧ ಹೇಳಿ ನಿನ್ನನ್ನು ಹೆದರಿಸಿಬಿಟ್ಟಳಂತೆ. ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ. ಎಲ್ಲ ಒಳ್ಳೆಯದೇ ಆಯಿತು.

ನನ್ನ ಕೆಲಸ ನಿನಗೆ ಗೊತ್ತಲ್ಲ. ಪೈಪುಗಳ ಬೆಸುಗೆ ಗಟ್ಟಿಯಿದೆಯೇ ಎಂದು ವಿಕಿರಣದಿಂದ ಫೋಟೊ ತೆಗೆಯುವಾಗ ಯಾರಿಗೂ ಅಪಾಯವಾಗದಂತೆ ನೋಡಿಕೊಳ್ಳುವುದು. ಮಂಗಳವಾರ ಊರಾಚೆಯ ಒಂದು ವರ್ಕ್‌ಶಾಪಿನಲ್ಲಿ, ವಿಕಿರಣ ಸೂಸುವ ಆ ಪುಟ್ಟ ಗುಳಿಗೆ ತಂತಿಯಿಂದ ಕಳಚಿ ಪೈಪುಗಳ ರಾಶಿಯ ಸಂದಿಗೆ ಬಿತ್ತು. ಕಡಲೆಕಾಳಿನಷ್ಟು ವಸ್ತು, ಆದರೆ ಯಾರೂ ಹತ್ತಿರ ಸುಳಿಯುವಂತಿಲ್ಲ. ಎಲ್ಲರನ್ನೂ ದೂರ ಕಳಿಸಿ ಸುತ್ತ ಹಗ್ಗ ಕಟ್ಟಿಸಿದೆ. ನಮ್ಮ ಉದ್ದದ ಇಕ್ಕಳ ಆ ತಿರುವಿನೊಳಗೆ ಹೋಗಲಿಲ್ಲ. ಯಾರಾದರೂ ಓಡಿಹೋಗಿ ಪೈಪು ಸರಿಸಿ ಓಡಿಬರಬೇಕಿತ್ತು. ಬೇರೆಯವರ ಮಕ್ಕಳನ್ನು ಕಳಿಸಲು ಮನಸ್ಸಾಗಲಿಲ್ಲ, ನಾನೇ ಹೋಗುವುದೆಂದುಕೊಂಡೆ. ಅದಕ್ಕೆ ಮೊದಲು, ಯಾಕೋ, ತಿರುವನಂತಪುರಕ್ಕೆ ಮಗಳು ಶ್ರೀವಿದ್ಯಾಳಿಗೊಂದು ಫೋನು ಮಾಡಿದೆ.

"ಅಪ್ಪಾ, ವೇಂಡ," ಎಂದಳು. ಗಾಬರಿಯಾದರೆ ಬೇಡ ಎನ್ನಲು ಅವಳಿಗೆ ಮಲಯಾಳವೇ ಬಾಯಿಗೆ ಬರುವುದು. ಆಮೇಲೆ ಕನ್ನಡದಲ್ಲಿ, "ಹಗ್ಗದ ಒಳಗೆ ಯಾರೂ ಇಲ್ಲ ಅಂದಮೇಲೆ ಅವಸರ ಯಾಕೆ? ನಾನು ಬರುವವರೆಗೆ ನೀವು ಹೋಗೂದು ಬೇಡ," ಎಂದಳು. ಇಷ್ಟು ವರ್ಷ ನಾನೇ ಎಲ್ಲರಿಗೂ ಹೇಳುತ್ತ ಬಂದ ಮಾತು, ಅಕ್ಕಾ! ಸುಮ್ಮನೆ ಕುರ್ಚಿ ಹಾಕಿಕೊಂಡು ಕುಳಿತೆ.

ಸಂಜೆಯ ಹೊತ್ತಿಗೆ ಅವಳೂ ಅವಳ ಜತೆಗೆ ಕೆಲಸ ಮಾಡುವ ಜುಬೈದಾಳೂ ಕಾರಿನಲ್ಲಿ ಬಂದಿಳಿದರು. ಡಿಕ್ಕಿಯಲ್ಲಿ ಅವರು ತಮ್ಮ ಸಂಸ್ಥೆಯಲ್ಲಿ ತಯಾರಿಸಿದ ರೋಬೋಟು. ರೋಬೋಟು ಎಂದರೆ ಉಕ್ಕಿನ ಮನುಷ್ಯನೆಂದು ನಾನು ತಿಳಿದಿದ್ದೆ. ಇದು ತುದಿಯಲ್ಲಿ ಮೆತ್ತನೆಯ ಬೆರಳುಗಳಿರುವ ಉದ್ದ ರಬ್ಬರ್ ಕೊಳವೆ. ದೂರದಿಂದ ಗಾಳಿ ತುಂಬಿದರೆ ಎತ್ತ ಬೇಕೋ ಅತ್ತ ಬಳುಕುತ್ತದೆ. ತುದಿಯಲ್ಲಿ ವಿದ್ಯುತ್ತಿನ ಭಾಗವೇ ಇಲ್ಲದ್ದರಿಂದ ವಿಕಿರಣಕ್ಕೆ ಅಷ್ಟು ಬೇಗ ಕೆಡುವುದಿಲ್ಲವಂತೆ. ನಿಜವಾದ ಗುಳಿಗೆಯ ಹತ್ತಿರ ಅದು ಹೋಗುತ್ತಿದ್ದುದು ಅದೇ ಮೊದಲು. ಗೋಡೆಯ ಮರೆಯಲ್ಲಿ ನಿಂತು, ಕೊಳವೆಯೊಳಗಿನ ಗಾಜಿನ ಎಳೆ ತಂದ ಚಿತ್ರವನ್ನು ಪರದೆಯ ಮೇಲೆ ನೋಡಿದೆವು. ಸಂದಿಯಲ್ಲಿ ನುಸುಳಿತು, ತಿರುವಿನಲ್ಲಿ ಬಾಗಿತು, ಗುಳಿಗೆಯನ್ನು ಹಿಡಿದೇಬಿಟ್ಟಿತು. ಮರುಕ್ಷಣ ಗುಳಿಗೆ ಜಾರಿ ಬಿತ್ತು. ಶ್ರೀವಿದ್ಯಾಳ ಮುಖ ಬಿಳಚಿಕೊಂಡಿತು. ನಾನು ಬಾಯಿ ತೆರೆಯುವ ಮೊದಲೇ ಜುಬೈದಾ ಗಾಳಿ ಸ್ವಲ್ಪ ಇಳಿಸಿ ಬಿಗಿ ಸಡಿಲಿಸಿದಳು. ಮಗಳು ಮತ್ತೆ ನಿಧಾನವಾಗಿ ಕೊಳವೆಯ ಬೆರಳು ಮಡಚಿದಳು. ಈ ಸಲ ಬಿಡಲಿಲ್ಲ. ಗುಳಿಗೆ ಸೀಸದ ಪೆಟ್ಟಿಗೆಯೊಳಗೆ ಬಿದ್ದಾಗ ವಿಕಿರಣ ಅಳೆಯುವ ನನ್ನ ಮೀಟರಿನ ಬಡಬಡಿಕೆ ತಣ್ಣಗಾಯಿತು. ನಾನು ಎಲ್ಲರೆದುರು ಮಗಳನ್ನು ಎತ್ತಿ ತಿರುಗಿಸಿದೆ, ಈ ವಯಸ್ಸಿನಲ್ಲಿ! ಸೊಂಟ ಇನ್ನೂ ನೋಯುತ್ತಿದೆ. ವರ್ಕ್‌ಶಾಪಿನವರು ಚಹಾ, ಬಿಸಿ ಪಳಂಪೊರಿ ತರಿಸಿದರು. ಎಣ್ಣೆಯಲ್ಲಿ ಕರಿದ ನೇಂದ್ರಬಾಳೆಯ ಆ ಪೋಡಿ ನನಗೆ ಯಾವತ್ತೂ ಅಷ್ಟು ರುಚಿಸಿರಲಿಲ್ಲ. ಮನೆಯಲ್ಲಿ ವಿಜಯಾ ಗಂಡನನ್ನೂ ಮಗಳನ್ನೂ ಚೆನ್ನಾಗಿ ಬೈದು, ಆಮೇಲೆ ಪಾಯಸ ಮಾಡಿದಳು.

ಭಾವನಿಗೆ ನಮಸ್ಕಾರ ತಿಳಿಸು. ನಿನ್ನ ಆಶೀರ್ವಾದ ನಮ್ಮೆಲ್ಲರ ಮೇಲಿರಲಿ.

ನಿನ್ನ ತಮ್ಮ,
ರತ್ನಾಕರ

ಮರೆತಿದ್ದೆ: ಇಂಥ ಜಾಗಗಳು ನಿಜಕ್ಕೂ ಹೇಗಿರುತ್ತವೆ ಎಂದು ಅವರ ಹುಡುಗರಿಗೆ ಹೇಳಿಕೊಡಲು ಶ್ರೀವಿದ್ಯಾಳ ಸಂಸ್ಥೆಯವರು ನನ್ನನ್ನು ಕೆಲಸಕ್ಕೆ ಕರೆದಿದ್ದಾರೆ. ಒಪ್ಪಿಕೊಂಡೆ. ಏಪ್ರಿಲಿನಲ್ಲಿ ತಿರುವನಂತಪುರಕ್ಕೇ ಮನೆ ಬದಲಾಯಿಸುತ್ತೇವೆ. ಮೂವರೂ ಮತ್ತೆ ಒಂದೇ ಮನೆಯಲ್ಲಿ. ಅತ್ತೆಯೇ ಬಂದು ಹಾಲುಕ್ಕಿಸಬೇಕು ಎಂದು ಮಗಳ ಹಠ. ರೈಲಿಗೆ ಕೆಳಗಿನ ಬರ್ತೇ ಮಾಡಿಸುತ್ತೇನೆ, ಬಾ.