ಪೈಪಿನ ಬಾಯಿಯ ನೀರು

ಕೊತ್ತತ್ತಿ
೧೮-೧೦-೧೯೭೭

ಪ್ರೀತಿಯ ತಂಗಿ ಮಂಗಳಳಿಗೆ,

ಅಕ್ಕ ದೇವಿರಮ್ಮನ ಆಶೀರ್ವಾದ. ನಾವೆಲ್ಲ ಕ್ಷೇಮ. ಗೌರಿ ಹಬ್ಬದಲ್ಲಿ ನೀನು ಬರೆದ ಕಾಗದಕ್ಕೆ ಇನ್ನೂ ಉತ್ತರವಿಲ್ಲ ಎಂದು ಮುಖ ಊದಿಸಿಕೊಂಡಿರುತ್ತೀಯ. ತಪ್ಪು ನನ್ನದೇ. ಆದರೆ ನಿನ್ನ ಅಕ್ಕ ಈಗ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಿ ಬಂದವಳು ಕಣೇ, ಸ್ವಲ್ಪ ಮರ್ಯಾದೆ ಕೊಟ್ಟು ಓದು!

ಅಪ್ಪ ಅರಿಶಿನ ಕುಂಕುಮಕ್ಕೆಂದು ನಿನಗೆ ಕೊಟ್ಟ ಗದ್ದೆಯಲ್ಲಿ ನಿನ್ನ ಯಜಮಾನರು ಸ್ಪಿರಿಟ್ ಕಾರ್ಖಾನೆಯವರಿಗೆ ಪೈಪು ಹಾಯಿಸಿ ಸುತ್ತ ಬೇಲಿ ಹಾಕಲು ಬಿಟ್ಟರಲ್ಲ, ಆ ಪೈಪು ಈಗ ನಮ್ಮ ಕಾಲುವೆಗೆ ಕಪ್ಪು ನೀರು ಕಾರುತ್ತಿದೆ. ಕೆಳಗಿನ ಗದ್ದೆಗಳಲ್ಲಿ ಪೈರು ಬುಡದಿಂದ ಕೊಳೆಯುತ್ತಿದೆ. ಎಮ್ಮೆ ಮೂತಿ ಇಟ್ಟು ಹಿಂದೆ ಸರಿಯುತ್ತದೆ. ಕೇಳಲು ಹೋದರೆ ಕಾರ್ಖಾನೆಯ ಮ್ಯಾನೇಜರು, "ಅದು ನಿಮ್ಮೂರಿನ ಕೊಳೆನೇ" ಎಂದ. ನನಗೆ ಮೈಯೆಲ್ಲ ಉರಿದುಹೋಯಿತು.

ಮಂಡ್ಯದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವ ತಿರುನಾರಾಯಣ ಮೇಷ್ಟ್ರ ಹತ್ತಿರ ಹೋದೆ. "ನೀರು ಕೆಡಿಸೋರಿಗೆ ಈಗ ಕಾನೂನು ಬಂದಿದೆಯಮ್ಮ. ಆದ್ರೆ ಕಾಲುವೆ ನೀರು ತಂದ್ರೆ ಸಾಲದು, ಪೈಪಿನ ಬಾಯಿಂದಲೇ ಹಿಡೀಬೇಕು. ಅದಿರೋದು ಬೇಲಿ ಒಳಗೆ. ಒಳಗೆ ಹೋದ್ರೆ ಅಕ್ರಮ ಪ್ರವೇಶ ಅಂತಾರೆ" ಎಂದರು. "ನನ್ ತಂಗಿ ಗದ್ದೆಗೆ ನಾನ್ ಓಗಕ್ಕೆ ಯಾರಪ್ಪನ ಅಪ್ಪಣೆ ಬೇಕು ಸ್ವಾಮಿ?" ಎಂದು ಕೇಳಿಯೇಬಿಟ್ಟೆ.

ಪಕ್ಕದ ಮನೆಯ ಚಿಕ್ಕಬೋರಮ್ಮನನ್ನು ಸಾಕ್ಷಿಗೆ ಕರೆದುಕೊಂಡು ಹಾಡಹಗಲಲ್ಲೇ ಹೊರಟೆ. ಕುದಿಸಿ ಒಣಗಿಸಿದ ಸೀಸೆಗಳು ಸೆರಗಿನಲ್ಲಿದ್ದವು. ಮುಳ್ಳುತಂತಿ ಎತ್ತಿ ನುಸುಳಿದೆವು. ಆ ಕಮಟು ಏನು ಹೇಳಲಿ, ಒಂದು ಕೈಯಲ್ಲಿ ಮೂಗು ಹಿಡಿದುಕೊಂಡೆವು. ಆದರೂ ನಗು! ಕಳ್ಳತನದಲ್ಲಿ ಹುಣಸೆಕಾಯಿ ಕೀಳುವ ಹುಡುಗಿಯರಂತೆ ಇಬ್ಬರೂ ಕಿಸಿಕಿಸಿ ನಗುತ್ತ ಸೀಸೆ ತುಂಬಿದೆವು. ಅಷ್ಟರಲ್ಲಿ ಕಾವಲುಗಾರ ಕೂಗಿದ. ಈ ವಯಸ್ಸಿನಲ್ಲಿ ಹಾಗೆ ಓಡುತ್ತೇನೆಂದು ನನಗೇ ಗೊತ್ತಿರಲಿಲ್ಲ ಮಂಗಳ.

ಆದರೆ ಎಡವಟ್ಟು ನೋಡು. ಗದ್ದೆಗೆ ಇಳಿಯುವ ಮೊದಲು ಚಪ್ಪಲಿ ಬಿಡುವುದು ನಮಗೆ ಹುಟ್ಟಿದಾಗಿನಿಂದ ಅಭ್ಯಾಸವಲ್ಲವೇ? ಬೇಲಿಯ ಹೊರಗೆ ಬದುವಿನ ಮೇಲೆ ಜೋಡಿಸಿ ಬಿಟ್ಟಿದ್ದೆವು. ಕಾವಲುಗಾರ ಅವನ್ನೇ ಸ್ಟೇಷನ್ನಿಗೆ ಹೊತ್ತೊಯ್ದು ಕೊಟ್ಟ. ಮಾರನೆಯ ದಿನ ಇನ್ಸ್‌ಪೆಕ್ಟರು ಊರವರನ್ನೆಲ್ಲ ಸೇರಿಸಿ "ಯಾರದಿದು?" ಎಂದರೆ, ನಾನು ಚಿವುಟುವಷ್ಟರಲ್ಲಿ ಚಿಕ್ಕಬೋರಮ್ಮ, "ನಂದೇ ಕಣಪ್ಪ! ಒಸಾ ಜೋಡು, ಕೊಟ್ಬುಡು. ಅಗಾ, ಅದು ದೇವಿರಕ್ಕಂದು" ಎಂದು ಕೈಚಾಚಿದಳು. ಇನ್ಸ್‌ಪೆಕ್ಟರಿಗೇ ನಗು ತಡೆಯಲಾಗಲಿಲ್ಲ. ಕೇಸು ಮಾತ್ರ ಬಿಡಲಿಲ್ಲ, ಇಬ್ಬರನ್ನೂ ಸ್ಟೇಷನ್ನಿಗೆ ಕರೆಸಿ ಬರೆದುಕೊಂಡರು.

ಸಂತೋಷದ ಸಮಾಚಾರ ಕೇಳು. ಮೇಷ್ಟ್ರು ಆ ನೀರನ್ನು ಗಾಜಿನ ಜಾಡಿಗೆ ಸುರಿದು ಪುಟ್ಟ ಮೀನುಗಳನ್ನು ಬಿಟ್ಟರು. ನಾವು ಕಾಫಿ ಕುಡಿದು ಲೋಟ ಇಡುವಷ್ಟರಲ್ಲಿ ಎಲ್ಲವೂ ಹೊಟ್ಟೆ ಮೇಲಾಗಿ ತೇಲಿದವು. ಪಾಪ ಅನ್ನಿಸಿತು, ಆದರೂ ಗೆದ್ದೆವು ಅನ್ನಿಸಿತು. ಮೇಷ್ಟ್ರು ಬೆಂಗಳೂರಿಗೆ ಬರೆದರು. ಮೊನ್ನೆ ಜೀಪಿನಲ್ಲಿ ಅಧಿಕಾರಿ ಬಂದು, ಊರೆಲ್ಲ ನೋಡುತ್ತಿರುವಾಗಲೇ ಪೈಪಿನಿಂದ ತಾನೇ ನೀರು ಹಿಡಿದು ಅರಗಿನ ಮುದ್ರೆ ಒತ್ತಿದ. ಅಂದಿನಿಂದ ಪೈಪು ಬಂದ್!

ವಕೀಲ ಅನಂತರಾಮು ಮಾತ್ರ ತಲೆಯಾಡಿಸುತ್ತಾರೆ. "ನೀರಿನ ಕೇಸೇ ಬೇರೆ, ಬೇಲಿ ಕೇಸೇ ಬೇರೆ. ಒಳಗೆ ಹೋಗಿದ್ದು ನಿಜ ತಾನೆ? ನಿಮ್ಮಿಬ್ಬರಿಗೆ ಶಿಕ್ಷೆಯಾದ್ರೆ ಆಮೇಲೆ ಯಾರೂ ಆ ಬೇಲಿ ಹತ್ತಿರ ಸುಳಿಯೋದಿಲ್ಲ. ಪೈಪು ಮತ್ತೆ ತೆರೀತಾರೆ. ಜಮೀನಿನವರೇ 'ನನ್ನ ಅಭ್ಯಂತರ ಇಲ್ಲ' ಅಂದ್ರೆ ಮಾತ್ರ ಕೇಸು ಬಿದ್ದುಹೋಗುತ್ತೆ" ಎಂದರು. ನಿನ್ನ ಭಾವ, "ಜೈಲಿಗೋದ್ರೆ ಮುದ್ದೆ ತಂದ್ಕೊಡ್ತೀನಿ ಬುಡು" ಎಂದು ನಗುತ್ತಾರೆ.

ಮಕ್ಕಳಿಗೆ ನನ್ನ ಮುತ್ತು. ನಿನ್ನ ಯಜಮಾನರಾದ ಪುಟ್ಟಸ್ವಾಮಿಯವರಿಗೆ ನಮಸ್ಕಾರ ತಿಳಿಸು. ಮುತ್ತೈದೆಯಾಗಿ ನೂರು ಕಾಲ ಬಾಳು.

ನಿನ್ನ ಅಕ್ಕ,
ದೇವಿರಮ್ಮ

ಮರೆತಿದ್ದು: ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ದೂರು ಕೊಟ್ಟವರು ಕಾರ್ಖಾನೆಯವರಲ್ಲ. ಇನ್ಸ್‌ಪೆಕ್ಟರು ಓದಿ ಹೇಳಿದರು, ಕೆಳಗೆ ನಿನ್ನ ರುಜು ಇತ್ತು. ಮನೆಯಲ್ಲಿ ಯಾರಿಗೂ ಹೇಳಿಲ್ಲ. ನಿನ್ನ ಯಜಮಾನರು ಹಾಕು ಅಂದರೇನೋ, ನೀನು ಹಾಕಿದೆಯೇನೋ, ಅದನ್ನು ನಾನು ಕೇಳುವುದಿಲ್ಲ. ಬೇಲಿ ದಾಟಿದ್ದು ನಿಜ, ದಂಡ ಹಾಕಿದರೆ ಕಟ್ಟುತ್ತೇನೆ. ಆದರೆ ಆ ದೂರಿನಲ್ಲಿ "ಗುರುತಿಲ್ಲದ ಹೆಂಗಸರು ನನ್ನ ಗದ್ದೆಗೆ ನುಗ್ಗಿದ್ದಾರೆ" ಎಂದಿದೆ. ಬರುವ ಸೋಮವಾರ ಮಂಡ್ಯದ ಕೋರ್ಟಿನಲ್ಲಿ ನಿನ್ನನ್ನು ಕರೆಯುತ್ತಾರಂತೆ. ನನ್ನ ಮೇಲೆ ಏನು ಬೇಕಾದರೂ ಹೇಳು ಮಂಗಳ. ಗುರುತಿಲ್ಲ ಎಂದು ಮಾತ್ರ ಹೇಳಬೇಡ.